ದುಗ್ಗಪ್ಪಣ್ಣ ಸೋಲಬೇಕಾಗಿದ್ದ ಕೂಟ

ಮಂಗಳೂರಿನ ಕುಲಶೇಖರದ ದುಗ್ಗಪ್ಪನ ಬಗ್ಗೆ ಕೆಟ್ಟದ್ದು ಹೇಳುವವರು ಆ ಕಾಲದಲ್ಲಿ ಒಬ್ಬರೂ ಇರಲಿಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಕೋಳಿ ಅಂಕಕ್ಕೆ ಹೋದರೂ ದೂರ ನಿಂತು ನೋಡಿ ಬರುವುದು ಮಾತ್ರ. ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವನು ಅವನೇ. ಆದರೆ ಒಂದು ಉಂಟು ಮಾರಾಯ್ರೆ, ಎದುರಿಗಿದ್ದವನಿಗೆ ಕೊನೆಯ ಮಾತು ಆಡಲು ಈ ಮನುಷ್ಯ ಬಿಡುವುದಿಲ್ಲ. ಸಾವಿನ ಮನೆಗೆ ಮೊದಲು ಓಡಿದವನು ಅಲ್ಲಿ ನಿಂತು, ತೀರಿಹೋದವರಿಗೆ ಬಂದದ್ದು ಯಾವ ಕಾಯಿಲೆ ಎಂದು ಡಾಕ್ಟರರ ಜೊತೆಯೇ ವಾದಕ್ಕೆ ಇಳಿಯುತ್ತಿದ್ದ. ಡಾಕ್ಟರರು ಬ್ಯಾಗು ಎತ್ತಿಕೊಂಡು ಹೋದ ಮೇಲೆ, ಮೂಲೆಯಲ್ಲಿ ಕೂತು ಅಳುವುದೂ ಅವನೇ.

ಹಂಪನಕಟ್ಟೆಯಲ್ಲಿ ಅವನದ್ದೊಂದು ಕೊಡೆ ಅಂಗಡಿ. ಮಂಗಳೂರಿನಂಥ ಊರಿನಲ್ಲಿ ಕೊಡೆ ಮಾರುವವನು ಬಾಯಿ ಮುಚ್ಚಿ ಕೂತರೂ ವ್ಯಾಪಾರ ಆಗುತ್ತದೆ. ದುಗ್ಗಪ್ಪ ಬಾಯಿ ಮುಚ್ಚಿ ಕೂರಬೇಕಲ್ಲ. ಇದು ಎರಡು ಮಳೆಗಾಲ ಬಾಳಿಕೆ ಬರ್ತದಾ ಎಂದು ಗಿರಾಕಿ ಕೇಳಿದರೆ, ಬಸ್ಸಿನಲ್ಲಿ ಮರೆತು ಇಳಿದರೆ ಎರಡು ದಿವಸವೂ ಬರುವುದಿಲ್ಲ, ಆಗ ತಪ್ಪು ಕೊಡೆಯದ್ದೋ ನಿಮ್ಮದೋ ಎಂದು ಇವನ ತಿರುಗು ಪ್ರಶ್ನೆ. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಆಣೆಯ ಲೆಕ್ಕವೇ ಶಾಸ್ತ್ರೋಕ್ತ ಎಂದು ಸಾಧಿಸುತ್ತಿದ್ದ. ಗಿರಾಕಿ ಒಪ್ಪಿಕೊಳ್ಳುತ್ತಿದ್ದ, ಆದರೆ ಕೊಡೆ ತೆಗೆದುಕೊಳ್ಳದೆ ಮಳೆಯಲ್ಲೇ ಇಳಿದು ಹೋಗುತ್ತಿದ್ದ.

ಅಂಗಡಿಯ ಕಥೆ ಹಾಳಾಗಲಿ. ಮಗಳು ನಳಿನಾಕ್ಷಿಗೆ ಬಂದ ಸಂಬಂಧಗಳೂ ಇದೇ ನಾಲಗೆಗೆ ಸಿಕ್ಕಿ ಮುರಿದು ಬಿದ್ದವು. ಒಂದು ಸಲ ಮೂಲ್ಕಿ ಕಡೆಯ ಹುಡುಗನ ದೊಡ್ಡಪ್ಪ ಪಾಯಸ ಕುಡಿಯುತ್ತಾ, ಮಳೆ ಅಂದರೆ ನಮ್ಮ ಕಡೆಯದ್ದು, ನಿಮ್ಮ ಮಂಗಳೂರಿನದ್ದು ಎಂತ ಮಳೆ ಎಂದುಬಿಟ್ಟರು. ಅದು ಬಾಯುಪಚಾರದ ಮಾತು, ಹೂಂ ಎಂದರೆ ಮುಗಿಯಿತು. ಕೊಡೆ ಮಾರುವವನ ಎದುರು ಮಳೆಯ ವಿಷಯವಾ ಎಂದು ಇವನು ಶುರುಮಾಡಿದ್ದೇ, ಪಾಯಸ ಲೋಟದಲ್ಲೇ ಆರಿತು, ಅವರು ಚಪ್ಪಲಿ ಮೆಟ್ಟಿದರು. ಮತ್ತೊಂದು ಸಲ ಎಲ್ಲವೂ ಸರಿಯಾಗಿತ್ತು. ಹೊರಡುವಾಗ ಗೇಟಿನ ಹತ್ತಿರ ಹುಡುಗನ ತಂದೆ, ಹುಡುಗಿ ಥೇಟ್ ನಿಮ್ಮ ಹಾಗೆ ಎಂದರು. ಅಲ್ಲ, ಅವಳು ತಾಯಿಯ ಹಾಗೆ ಎಂದ ದುಗ್ಗಪ್ಪ. ಅಷ್ಟು ಹೇಳಿ ಬಿಟ್ಟನಾ? ಮೂಗು, ಕಿವಿ, ನಡಿಗೆ ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿದ. ಹಾಗಾದರೆ ನನಗೆ ಕಣ್ಣು ಕಾಣುವುದಿಲ್ಲವಾ ಎಂದು ಅವರು ಕೇಳಿದರು. ಅದು ನೀವೇ ಹೇಳಿದ್ದು, ನಾನಲ್ಲ ಎಂದ ಇವನು. ಮತ್ತೆ ಆ ಕಡೆಯಿಂದ ಸುದ್ದಿ ಇಲ್ಲ.

ಈಗ ಬಂದದ್ದು ಕೂಳೂರಿನ ಸಂಬಂಧ. ಹುಡುಗ ಭುಜಂಗ, ಶಾಲೆಯಲ್ಲಿ ಮಾಸ್ಟ್ರು. ನಳಿನಾಕ್ಷಿ ಬಲ್ಮಠದಲ್ಲಿ ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದಾಗಲೇ ಅವರಿಬ್ಬರಿಗೂ ಪರಿಚಯ. ಪರಿಚಯ ಎಂದರೆ ಎಷ್ಟು ಎಂದು ತಾಯಿ ಮುದ್ದು ಕೇಳಲಿಲ್ಲ, ಮಗಳು ಹೇಳಲಿಲ್ಲ. ಆದರೆ ಇದೊಂದು ಆಗಬೇಕಮ್ಮ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಹಿಂದಿನ ಸಂಬಂಧಗಳು ತಪ್ಪಿದಾಗ ಒಂದು ಮಾತೂ ಆಡದೆ ಬಾವಿಯಿಂದ ನೀರು ಸೇದಲು ಹೋದ ಹುಡುಗಿ ಅದು. ದುಗ್ಗಪ್ಪನಿಗೆ ಮಗಳೆಂದರೆ ಪ್ರಾಣ. ಈ ಸಲವೂ ತನ್ನಿಂದ ಕೆಟ್ಟರೆ ಅವಳ ಮುಖ ನೋಡುವುದು ಹೇಗೆ ಎಂದು ಅಂಗಡಿಯಲ್ಲಿ ಕೂತರೂ ಅವನಿಗೆ ಅದೇ ಯೋಚನೆ.

ಭುಜಂಗನ ಮನೆ ಅಳಿಯಸಂತಾನದ್ದು. ಅಲ್ಲಿ ಹುಡುಗನ ತಂದೆಯದ್ದು ಲೆಕ್ಕಕ್ಕಿಲ್ಲ, ಸೋದರಮಾವ ನೋಣಯ್ಯನವರು ಹೇಳಿದ್ದೇ ಆಗಬೇಕು. ಆ ನೋಣಯ್ಯನವರಿಗೆ ತಾಳಮದ್ದಳೆಯ ಹುಚ್ಚು, ಅವರೂ ಕೂತು ಅರ್ಥ ಹೇಳುವವರು. ಅವರು ಹೇಳಿ ಕಳಿಸಿದ್ದು ಇಷ್ಟು: ಶುಭಕಾರ್ಯಕ್ಕಾಗದ ಈ ಆಟಿ ತಿಂಗಳು ಮುಗಿದು ಸೋಣ ತಿಂಗಳು ಹುಟ್ಟಿದ ಕೂಡಲೇ ನಿಶ್ಚಯ ಇಟ್ಟುಕೊಳ್ಳುವ. ಅದಕ್ಕೆ ಮೊದಲು ದುಗ್ಗಪ್ಪನವರ ಎದುರು ಒಂದು ಕೂಟದಲ್ಲಿ ಕೂರಬೇಕು ಅಂತ ನನಗೆ ಆಸೆ ಉಂಟು. ಮನುಷ್ಯ ಎಂಥವ ಅಂತ ಅಲ್ಲಿ ಗೊತ್ತಾಗ್ತದೆ.

ಅದನ್ನು ಕೇಳಿದ್ದೇ ಮುದ್ದು ಅಡಿಗೆ ಮನೆಯ ಬಾಗಿಲಲ್ಲಿ ಕುಸಿದು ಕೂತಳು.

ತಾಳಮದ್ದಳೆ ಎಂದರೆ ಗೊತ್ತುಂಟಲ್ಲ, ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಾಲಿನಲ್ಲೇ ಎದುರೆದುರು ಕೂರುವುದು. ಭಾಗವತರು ಪದ್ಯ ಹಾಡುತ್ತಾರೆ. ಒಬ್ಬ ರಾಜ, ಇನ್ನೊಬ್ಬ ಶತ್ರು, ಬರೆದಿಟ್ಟ ಮಾತು ಒಂದೂ ಇಲ್ಲ, ಹೊಳೆದದ್ದನ್ನು ಹೊಳೆದ ಹಾಗೆ ಹೇಳಿ ವಾದಿಸುವುದು, ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಕಥೆಯಲ್ಲಿ ಯಾರು ಸಾಯಬೇಕೆಂಬುದು ಎಲ್ಲರಿಗೂ ಗೊತ್ತು. ದುಗ್ಗಪ್ಪ ಕೂತ ಕೂಟದಲ್ಲಿ ಮಾತ್ರ ಅದು ಗೊತ್ತಿರುತ್ತಿರಲಿಲ್ಲ. ಒಂದು ವರ್ಷ ರಾಕ್ಷಸನಾಗಿ ಕೂತವನು ತನ್ನ ಕಡೆಯ ನ್ಯಾಯವನ್ನು ಎಷ್ಟು ಚೆನ್ನಾಗಿ ಮಂಡಿಸಿದನೆಂದರೆ, ದೇವರ ಪಾತ್ರಧಾರಿ ಬೆವರೊರೆಸಿಕೊಂಡು ಸುಮ್ಮನಾದ, ಭಾಗವತರು ಜಾಗಟೆ ಬಾರಿಸಿ ಬಾರಿಸಿ ಹೇಗೋ ರಾಕ್ಷಸನನ್ನು ಕೊಂದರು. ರಾಕ್ಷಸನಿಗೆ ಅನ್ಯಾಯವಾಯಿತೆಂದು ಜನ ಬೈದುಕೊಂಡೇ ಮನೆಗೆ ಹೋದರು.

ಕುಲಶೇಖರದ ಸಂಘದವರು ಈ ಸಲಕ್ಕೆ ಆರಿಸಿದ್ದು ಊರಿನ ನಿವೃತ್ತ ಮಾಸ್ಟ್ರೊಬ್ಬರು ಹೊಸದಾಗಿ ಬರೆದ ಪ್ರಸಂಗ. ಅದರ ನಾಯಕ ಶಿಲಾಕೇತು ಎಂಬ ರಾಜ. ಶೂರ, ದಾನಿ, ಪ್ರಜೆಗಳನ್ನು ಮಕ್ಕಳ ಹಾಗೆ ನೋಡುವವನು. ಆದರೆ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವವನಲ್ಲ. ನೆರೆಯ ರಾಜ ಚಿತ್ರಧ್ವಜ ಸಂಧಿಗೆ ಬಂದರೆ ಹೀಯಾಳಿಸುತ್ತಾನೆ, ಯುದ್ಧಕ್ಕೆ ಹೋಗುತ್ತಾನೆ, ಬೀಳುತ್ತಾನೆ. ಕೊನೆಗೆ ಪಕ್ಕದಲ್ಲಿ ಬಂದು ಕೂತ ಚಿತ್ರಧ್ವಜನಿಗೆ ತಪ್ಪು ನನ್ನದು ಎಂದು ಹೇಳಿ ಪ್ರಾಣ ಬಿಡುತ್ತಾನೆ. ಚಿತ್ರಧ್ವಜ ನೋಣಯ್ಯನವರು. ಶಿಲಾಕೇತು ದುಗ್ಗಪ್ಪ.

ಆ ರಾತ್ರಿ ಊಟಕ್ಕೆ ಕೂತಾಗ ನಳಿನಾಕ್ಷಿ ಮೆಲ್ಲಗೆ ತನ್ನ ಟ್ರೈನಿಂಗ್ ಕ್ಲಾಸಿನ ವಿಷಯ ತೆಗೆದಳು. ಅವರ ವಿನಿಫ್ರೆಡ್ ಟೀಚರ್ ಹಳೆಯ ಕಾಲದ ಪಾಶ್ಚಾತ್ಯ ನಾಟಕಗಳ ಬಗ್ಗೆ ಪಾಠ ಮಾಡಿದ್ದರಂತೆ. ಅಲ್ಲಿ ನಾಯಕ ಎಲ್ಲದರಲ್ಲೂ ದೊಡ್ಡವನು, ಆದರೆ ಸ್ವಭಾವದಲ್ಲಿ ಎಲ್ಲೋ ಒಂದು ಕಡೆ ದೋಷ ಇರುತ್ತದೆ, ಅಷ್ಟರಿಂದಲೇ ಅವನು ಬೀಳುತ್ತಾನೆ, ಕೈ ಮೀರಿದ ಮೇಲೆ ಅದು ಅವನಿಗೇ ಗೊತ್ತಾಗುತ್ತದೆ, ನೋಡುವವರಿಗೆ ಅಳು ಬರುತ್ತದೆ.

ದುಗ್ಗಪ್ಪ ಗಂಜಿಯಿಂದ ಕೈ ತೆಗೆದ. ಒಂದು ತೂತು ಇದ್ದರೆ ಅದು ದೊಡ್ಡ ಕೊಡೆ, ತೂತೇ ಇಲ್ಲದ್ದು ಸಣ್ಣ ಕೊಡೆ, ಹೀಗಾ ನಿಮ್ಮ ಟೀಚರ್ ಹೇಳುವುದು ಎಂದು ಕೇಳಿದ. ದೋಷವೇ ಇಲ್ಲದವನೂ ಬೀಳುತ್ತಾನೆ, ದೋಷ ತುಂಬಿದವನು ಬಂದರಿನಲ್ಲಿ ಮೂರು ಗೋಡೌನು ಕಟ್ಟಿಸಿಕೊಂಡು ಸುಖವಾಗಿರುತ್ತಾನೆ, ಹೆಸರು ಬೇಕಾದರೆ ಹೇಳ್ತೇನೆ ಎಂದ. ಗಂಜಿ ತಣ್ಣಗಾಗುವವರೆಗೆ ಟೀಚರರನ್ನು ಬಲ್ಮಠದಿಂದ ಕರೆಸಿ ಎದುರು ಕೂರಿಸಿಕೊಂಡ ಹಾಗೆ ಖಂಡಿಸಿದ. ನಳಿನಾಕ್ಷಿ ಪೂರ್ತಿ ಕೇಳಿದಳು.

"ಅಪ್ಪಾ, ಟೀಚರ್ ಹೇಳಿದ್ದು ಕೊಡೆಯ ವಿಷಯ ಅಲ್ಲ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳು ಹೇಳಿದ್ದು ತನ್ನ ವಿಷಯ ಎಂದು ಆಗ ಅವನ ತಲೆಗೆ ಹೋಯಿತು. ಮುದ್ದು ಎದುರಿಗೆ ಬಂದು ಕೂತು, ಮದುವೆಯಾದ ಮೇಲೆ ಇಷ್ಟು ಗಂಭೀರವಾಗಿ ಯಾವತ್ತೂ ಮಾತಾಡದವಳು, ಒಂದೇ ಮಾತು ಹೇಳಿದಳು. "ಆ ದಿವಸ ನೀವು ಸೋತರೆ ಸಾಕು. ಬೇರೆ ಎಂತದೂ ಬೇಡ ನನಗೆ."

ಸೋಲುತ್ತೇನೆ ಎಂದು ದುಗ್ಗಪ್ಪ ಮನೆದೈವದ ಕೋಣೆಯ ಕಡೆ ಕೈ ತೋರಿಸಿ ಮಾತು ಕೊಟ್ಟ. ಸೋಲುವುದು ಎಂತ ದೊಡ್ಡ ಕೆಲಸ, ಊರಿನವರೆಲ್ಲ ದಿನಾ ಮಾಡ್ತಾರೆ ಎಂದೂ ಸೇರಿಸಿದ. ಅಲ್ಲಿಗೆ ನಿಲ್ಲಿಸಿ ಎಂದಳು ಮುದ್ದು.

ದೊಡ್ಡ ಕೆಲಸವೇ ಎಂದು ಮರುದಿನ ಗೊತ್ತಾಯಿತು. ಬಂದರಿನ ಕಾಸಿಂ ಅವನಿಗೆ ಕೊಡೆಯ ಬಟ್ಟೆ, ಕಡ್ಡಿ ತಂದುಕೊಡುವ ಬ್ಯಾರಿ ವ್ಯಾಪಾರಿ, ಸಣ್ಣಂದಿನಿಂದ ಸ್ನೇಹಿತ. ಮಂಗಳೂರು ಸುತ್ತಮುತ್ತ ಎಲ್ಲಿ ಆಟವಾದರೂ, ಎಲ್ಲಿ ಕೂಟವಾದರೂ ಮುಂದಿನ ಸಾಲಿನಲ್ಲಿ ಕಾಸಿಂನ ಟೊಪ್ಪಿ ಕಾಣುತ್ತಿತ್ತು. ಅವನೇ ಅಭ್ಯಾಸ ಮಾಡಿಸಲು ಒಪ್ಪಿಕೊಂಡ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಇಬ್ಬರೂ ಎದುರೆದುರು ಸ್ಟೂಲು ಹಾಕಿಕೊಂಡು ಕೂರುವುದು. ಕಾಸಿಂ ಎಂತ ಹೇಳಿದರೂ ದುಗ್ಗಪ್ಪ ತುಳುವಿನಲ್ಲಿ "ಆವು" ಎಂದು ಒಪ್ಪಿಕೊಳ್ಳಬೇಕು. ಅಷ್ಟೇ ಪಾಠ.

ಇವತ್ತು ಮಂಗಳವಾರ ಎಂದ ಕಾಸಿಂ. ಅಂದು ಬುಧವಾರ. ದುಗ್ಗಪ್ಪನ ಕುತ್ತಿಗೆಯ ನರ ಎದ್ದಿತು. ಕ್ಯಾಲೆಂಡರಿನ ಕಡೆ ನೋಡಿದ, ಕಣ್ಣು ಮುಚ್ಚಿದ, ಆವು ಎಂದ. ನೇತ್ರಾವತಿ ನದಿ ಇರುವುದು ಕೂಳೂರಿನಲ್ಲಿ ಎಂದ ಕಾಸಿಂ. ಅಲ್ಲಿ ಹರಿಯುವುದು ಬೇರೆಯೇ ನದಿ. ಆವು. ನಿಮ್ಮ ಈ ಕೊಡೆಗಳಿಗಿಂತ ಗದ್ದೆಯಲ್ಲಿ ಹೆಂಗಸರು ತಲೆ ಬೆನ್ನಿಗೆ ಹಾಕಿಕೊಳ್ಳುವ ಓಲೆಯ ಗೊರಬೆಯೇ ವಾಸಿ, ಕೈಯಾದರೂ ಖಾಲಿ ಇರ್ತದೆ ಎಂದ ಕಾಸಿಂ. ದುಗ್ಗಪ್ಪ ಎದ್ದು ಹೊರಗೆ ಹೋಗಿ, ಹೂಜಿಯಿಂದ ನೀರು ಕುಡಿದು, ಬಸ್ಸೊಂದು ಹೋಗುವುದನ್ನು ಪೂರ್ತಿ ನೋಡಿ, ಒಳಗೆ ಬಂದು ಆವು ಎಂದ. ಕಣ್ಣಲ್ಲಿ ನೀರಿತ್ತು.

ಅಭ್ಯಾಸ ಗಿರಾಕಿಗಳ ಮೇಲೂ ನಡೆಯಿತು. ರಥಬೀದಿಯಲ್ಲಿ ಇದೇ ಕೊಡೆ ಕಡಿಮೆಗೆ ಸಿಗ್ತದೆ ಎಂದರೆ ಹೌದು ಸಿಗ್ತದೆ. ಹಿಡಿಕೆಯ ಕಾವು ಗಟ್ಟಿ ಇಲ್ಲ ಎಂದರೆ ಹೌದು ಇಲ್ಲ. ಗಿರಾಕಿಗಳು ಗಾಬರಿಯಾಗಿ, ಈ ಮನುಷ್ಯ ಸುಳ್ಳು ಹೇಳುವವನಲ್ಲ ಎಂದುಕೊಂಡು ಮನೆಮಂದಿಗೆಲ್ಲ ಕೊಡೆ ತೆಗೆದುಕೊಂಡು ಹೋದರು. ನೋಡಿ, ಬಾಯಿ ಮುಚ್ಚಿದ್ದಕ್ಕೆ ವ್ಯಾಪಾರ ಎಂದ ಕಾಸಿಂ. ಅಲ್ಲ, ಅದು ಆಟಿಯ ಮಳೆ ಜೋರಾದದ್ದಕ್ಕೆ ಎಂದು ದುಗ್ಗಪ್ಪ ಶುರುಮಾಡಿದ. ಕಾಸಿಂ ಅವನನ್ನೇ ನೋಡಿದ. ಆವು ಎಂದು ದುಗ್ಗಪ್ಪ ಕೂತ.

ಆಟಿಯ ಕೊನೆಯ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ, ಶಾಲೆಯ ಹಾಲಿನಲ್ಲಿ ಕೂಟ. ಹೊರಗೆ ಮಳೆ ಹೊಡೆಯುತ್ತಿತ್ತು, ಜಗಲಿಯ ತುಂಬ ದುಗ್ಗಪ್ಪನ ಅಂಗಡಿಯ ಕೊಡೆಗಳೇ ನೀರು ಸುರಿಸುತ್ತಾ ಬಿಚ್ಚಿಕೊಂಡು ಕೂತಿದ್ದವು. ಗಂಡಸರು ಬೆಂಚಿನಲ್ಲಿ, ಹೆಂಗಸರು ಎಡಗಡೆ ಚಾಪೆಯಲ್ಲಿ. ಮುದ್ದು ಮತ್ತು ನಳಿನಾಕ್ಷಿ ಚಾಪೆಯ ಮುಂದಿನ ತುದಿಯಲ್ಲಿ ಕೂತಿದ್ದರು. ಕಾಸಿಂ ಕಂಬಕ್ಕೆ ಒರಗಿದ್ದ. ನೋಣಯ್ಯನವರು ಕೂಳೂರಿನಿಂದ ಬಸ್ಸು ಹಿಡಿದು ಬಂದಿದ್ದರು. ಬಿಳಿ ಮೀಸೆಯ ಎತ್ತರದ ಮನುಷ್ಯ, ಮಾತು ನಿಧಾನ. ಅವರ ಹಿಂದೆ ಭುಜಂಗ, ಎಲ್ಲಿ ನೋಡಬೇಕೆಂದು ತಿಳಿಯದೆ ಮಾಡಿನ ಹಂಚು ನೋಡುತ್ತಿದ್ದ.

ಭಾಗವತರು ಪದ್ಯ ಎತ್ತಿದರು, ಮದ್ದಳೆ ನುಡಿಯಿತು. ನೋಣಯ್ಯನವರ ಚಿತ್ರಧ್ವಜ ಸೈನ್ಯದೊಂದಿಗೆ ಗಡಿ ದಾಟಿ ಬಂದು ಸಂಧಿಯ ಮಾತಾಡಿದ. ಚಂದದ ಮಾತು, ಆದರೆ ಬೇಕೆಂದೇ ಮಧ್ಯೆ ಮಧ್ಯೆ ಕೊಕ್ಕೆ ಇಟ್ಟಿದ್ದರು. ನಿನ್ನ ಅಜ್ಜ ನನ್ನ ಅಜ್ಜನಿಗೆ ಕಪ್ಪ ಕೊಟ್ಟವನು ಎಂದರು. ನಿನ್ನ ಕೋಟೆಗಿಂತ ನನ್ನ ಕುದುರೆಲಾಯ ಎತ್ತರ ಎಂದರು. ಹಾಲಿನಲ್ಲಿದ್ದವರೆಲ್ಲ ದುಗ್ಗಪ್ಪನ ಕಡೆ ತಿರುಗಿದರು, ಈಗ ಬಿತ್ತು ಉತ್ತರ ಎಂದು. ದುಗ್ಗಪ್ಪನಿಗೆ ಉತ್ತರ ಹೊಳೆದಿತ್ತು. ಒಂದಲ್ಲ, ಗಂಟಲಲ್ಲಿ ಸಾಲು ನಿಂತಿದ್ದವು. ಮುದ್ದುವಿನ ಮುಖ ನೋಡಿದ, ಎಲ್ಲವನ್ನೂ ನುಂಗಿದ.

"ಚಿತ್ರಧ್ವಜಾ, ನೀನು ಹೇಳುವುದು ಸರಿಯಾಗಿಯೇ ಉಂಟು" ಎಂದ.

ಭಾಗವತರ ಕೈಯ ಜಾಗಟೆ ಅಲ್ಲೇ ನಿಂತಿತು. ರಾಜ ಒಪ್ಪಿಕೊಂಡರೆ ಯುದ್ಧ ಎಲ್ಲಿಂದ ತರುವುದು? ಅವರು ಬೇಗ ಬೇಗ ರೌದ್ರದ ಪದ್ಯವೊಂದನ್ನು ಎತ್ತಿದರು, ಶಿಲಾಕೇತು ಕೆಂಡವಾಗಿ ಸಿಂಹಾಸನದಿಂದ ಎದ್ದನೆಂದು ಹಾಡಿದರು. ಅದಕ್ಕೆ ದುಗ್ಗಪ್ಪ, ನನಗೆ ಸ್ವಲ್ಪ ಬೇಸರವಾಗಿದೆ ಎಂದು ಅರ್ಥ ಹೇಳಿದ. ರಣಕಹಳೆಯ ಪದ್ಯ ಬಂತು. ಯುದ್ಧವೂ ಆಗಬಹುದು, ನಿನ್ನ ಅನುಕೂಲ ನೋಡಿಕೋ ಎಂದ. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ದುಗ್ಗಪ್ಪಣ್ಣನಿಗೆ ಜ್ವರವಾ ಎಂದು ಯಾರೋ ಕೇಳಿದರು. ನೋಣಯ್ಯನವರ ಮುಖ ಸಣ್ಣಗಾಯಿತು. ಅವರು ಇನ್ನಷ್ಟು ಕೆಣಕಿದರು, ಇವನು ಇನ್ನಷ್ಟು ಒಪ್ಪಿದ. ಮುದ್ದು ಮಾತ್ರ ಪ್ರತಿಯೊಂದು ಒಪ್ಪಿಗೆಗೂ ಕತ್ತಿನ ಕರಿಮಣಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ನಡುವೆ ಚಹಾಕ್ಕೆ ಬಿಟ್ಟರು. ದುಗ್ಗಪ್ಪ ಹಿಂದಿನ ಜಗಲಿಯಲ್ಲಿ ಲೋಟ ಹಿಡಿದು, ಗೆದ್ದವನ ಹಾಗೆ ನಿಂತಿದ್ದ. ಮಗಳಿಗಾಗಿ ಇಷ್ಟು ಮಾಡಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತ್ತು. ಅಷ್ಟರಲ್ಲಿ ಕಾಸಿಂ ಅರ್ಧ ಓಡಿಕೊಂಡು ಬಂದ. ನೋಣಯ್ಯನವರು ಶಾಲು ಮಡಚಿ ಹೆಗಲಿಗೆ ಹಾಕಿಕೊಂಡಿದ್ದಾರೆ, ಕೊಡೆ ಹುಡುಕುತ್ತಿದ್ದಾರೆ ಎಂದ. ಭುಜಂಗನ ಹತ್ತಿರ ಅವರು ಹೇಳಿದ್ದನ್ನು ಅವನು ಕಂಬದ ಹಿಂದಿನಿಂದ ಕೇಳಿಸಿಕೊಂಡಿದ್ದ: ನನ್ನನ್ನು ಮಗು ಅಂತ ತಿಳಿದು ಆಟ ಆಡಿಸ್ತಾನೆ ಈ ಮನುಷ್ಯ. ಎದುರು ಕೂತು ಮಾತಾಡಲು ಯೋಗ್ಯನಲ್ಲ ಅಂತ ಲೆಕ್ಕ ನನ್ನನ್ನು. ಇಂಥ ಅಹಂಕಾರದ ಮನೆಯಿಂದ ಹೆಣ್ಣು ಬೇಡ.

ದುಗ್ಗಪ್ಪ ಚಹಾದ ಲೋಟವನ್ನು ಜಗಲಿಯ ಮೇಲೆಯೇ ಇಟ್ಟ. ಸತ್ಯ ಹೇಳುವುದಾದರೆ ಇದು ಅವನಿಗೆ ಮೊದಲೇ ಹೊಳೆಯಬೇಕಿತ್ತು. ಕೂಟದಲ್ಲಿ ಎದುರಿನವನಿಗೆ ಗೆಲುವನ್ನು ದಾನ ಕೊಡುವುದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ತನಗೇ ಯಾರಾದರೂ ಹಾಗೆ ಮಾಡಿದ್ದರೆ ಅವನ ಮನೆಯ ನೀರೂ ಮುಟ್ಟುತ್ತಿರಲಿಲ್ಲ. ಹೋಗಿ ಜಗಳ ಮಾಡಿ ಎಂದ ಕಾಸಿಂ. ಅದೇ ಹೊತ್ತಿಗೆ ಮುದ್ದು ಬಾಗಿಲಿಗೆ ಬಂದು, ಮಾತು ಕೊಟ್ಟದ್ದು ನೆನಪುಂಟಲ್ಲ ಎಂದು ಮೆಲ್ಲಗೆ ಹೇಳಿ ಹೋದಳು. ಒಂದು ಕಡೆ ದೈವದ ಎದುರು ಕೊಟ್ಟ ಮಾತು, ಇನ್ನೊಂದು ಕಡೆ ಕೊಡೆ ಹುಡುಕುವ ಬೀಗರು.

ಅರ್ಧ ಕೂಟ ಬಿಟ್ಟು ಏಳುವುದು ಶುಭವಲ್ಲ, ಮಂಗಳದವರೆಗಾದರೂ ಕೂರಬೇಕು ಎಂದು ಭಾಗವತರು ಕೈಮುಗಿದು ಬೇಡಿಕೊಂಡದ್ದಕ್ಕೆ ನೋಣಯ್ಯನವರು ತಿರುಗಿ ಬಂದರು. ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು, ಮನಸ್ಸು ಆಗಲೇ ಕೂಳೂರಿನ ಬಸ್ಸು ಹತ್ತಿಯಾಗಿದೆ ಎಂದು. ಭಾಗವತರೂ ಅಪಾಯ ಬೇಡವೆಂದು ಯುದ್ಧವನ್ನು ಪೂರ್ತಿ ಹಾಡಿನಲ್ಲೇ ಮುಗಿಸಿ ಶಿಲಾಕೇತುವನ್ನು ಕೆಡವಿದರು. ಉಳಿದದ್ದು ಕೊನೆಯ ಪದ್ಯ. ತಾಳಮದ್ದಳೆಯಲ್ಲಿ ರಣರಂಗದಲ್ಲಿ ಬಿದ್ದವನೂ ನೆಟ್ಟಗೆ ಕೂತೇ ಇರುತ್ತಾನೆ. ಅವನು ಮಾತು ನಿಲ್ಲಿಸಿದರೆ ಸತ್ತ ಎಂದು ಲೆಕ್ಕ.

ನೋಣಯ್ಯನವರು ಗೋಡೆಯ ಕಡೆ ನೋಡುತ್ತಾ, ಶಾಸ್ತ್ರಕ್ಕೆ ಕೇಳಿದರು. ರಾಜಾ, ಇನ್ನಾದರೂ ಹೇಳು, ತಪ್ಪು ಯಾರದು?

"ತಪ್ಪು ನನ್ನದು" ಎಂದ ದುಗ್ಗಪ್ಪ.

ಮುದ್ದು ಉಸಿರು ಬಿಟ್ಟಳು. ಮುಗಿಯಿತೆಂದು ಭಾಗವತರು ಮಂಗಳದ ಪದ್ಯಕ್ಕೆ ಪುಟ ತಿರುಗಿಸಿದರು. ಆದರೆ ನೋಣಯ್ಯನವರಿಗೆ ಸಿಟ್ಟು ಇಳಿದಿರಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಬೇಡ, ಯಾವ ತಪ್ಪು ಅಂತ ಬಿಡಿಸಿ ಹೇಳು ಎಂದು ಸ್ವಲ್ಪ ಗಡುಸಾಗಿಯೇ ಕೇಳಿದರು.

ದುಗ್ಗಪ್ಪ ಶಿಲಾಕೇತುವಿನ ತಪ್ಪು ಹೇಳಲು ಬಾಯಿ ತೆರೆದ. ಬಂದದ್ದು ಬೇರೆ. ಹೊತ್ತು ಗೊತ್ತಿಲ್ಲದೆ ಮಾತಿಗೆ ಮಾತು ಎತ್ತಿದೆ ಎಂದ. ಉಣ್ಣಲು ಕೂತ ಅತಿಥಿಯ ಎದುರು, ಸಾವಿನ ಮನೆಯಲ್ಲಿ, ಬೀದಿಯಲ್ಲಿ, ಎಲ್ಲಿ ಬಿಟ್ಟೆ? ಅವರು ಹೇಳಿದ್ದು ಸುಳ್ಳೆಂದು ಅಲ್ಲ, ಅವರು ಹೇಳಿದ್ದೇ ಕೊನೆಯಾಗುತ್ತದಲ್ಲ ಎಂದು ನನಗೆ ತಡೆಯುತ್ತಿರಲಿಲ್ಲ. ನಾನು ಗೆದ್ದು ಬಂದಾಗಲೆಲ್ಲ ನನ್ನ ಅಂತಃಪುರದಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ಅತ್ತಿದ್ದಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಮತ್ತೆ ಗೆದ್ದೆ. ನಳಿನಾಕ್ಷಿ ತಲೆ ತಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

ನೋಣಯ್ಯನವರು ಗೋಡೆಯಿಂದ ಕಣ್ಣು ತೆಗೆದು ಅವನ ಕಡೆ ಪೂರ್ತಿ ತಿರುಗಿದರು. ದೊಡ್ಡ ಮನುಷ್ಯರು ಅವರು, ಕರಗಿದರು. ರಾಜಾ, ಅಷ್ಟೂ ನಿನ್ನ ಮೇಲೆ ಹೇರಿಕೊಳ್ಳಬೇಡ, ತಪ್ಪಿನಲ್ಲಿ ನನಗೂ ಪಾಲುಂಟು, ಸಂಧಿಗೆ ಬರುವವನು ಸೈನ್ಯ ಕಟ್ಟಿಕೊಂಡು ಬರಬಾರದಿತ್ತು ಎಂದು ಸಮಾಧಾನ ಮಾಡಿದರು.

ಅಲ್ಲಿಗೆ ಹೂಂ ಎಂದಿದ್ದರೆ ಆಗುತ್ತಿತ್ತು. ಆದರೆ ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ದುಗ್ಗಪ್ಪನ ಬೆನ್ನು ನೆಟ್ಟಗಾಯಿತು.

ಪಾಲು ಹೇಗೆ ಬಂತು ಎಂದು ಕೇಳಿದ. ಸೈನ್ಯವಿಲ್ಲದೆ ಬರುವ ರಾಜನನ್ನು ದೂತ ಎನ್ನುತ್ತಾರೆ, ನೀನು ದೂತನಾ? ನೋಣಯ್ಯನವರು ಕೆಣಕಿದ ಮಾತುಗಳನ್ನು ನೆನಪಿಸಿದರು, ಅಜ್ಜನ ಕಪ್ಪದ ವಿಷಯ ಎತ್ತಿದ್ದು ತಾನೇ ಎಂದರು. ಕೆಣಕುವುದು ಶತ್ರುವಿನ ಧರ್ಮ, ತಾಳಿಕೊಳ್ಳುವುದು ರಾಜನ ಧರ್ಮ, ಧರ್ಮ ಮಾಡಿದ ನಿನಗೆ ತಪ್ಪಿನಲ್ಲಿ ಪಾಲು ಕೇಳುವ ಹಕ್ಕು ಎಲ್ಲಿಂದ ಬಂತು ಎಂದು ಇವನು. ನೋಣಯ್ಯನವರ ಮೀಸೆ ಕುಣಿಯತೊಡಗಿತು, ಶಾಲು ಕೊಡವಿ ಸೊಂಟಕ್ಕೆ ಕಟ್ಟಿದರು. ಆಹಾ, ಆಮೇಲೆ ನೋಡಬೇಕಿತ್ತು. ಅವರು ನನ್ನದೂ ತಪ್ಪು ಎಂದು ಒಂದು ಕಡೆಯಿಂದ ಬಂದರೆ ಇವನು ಇನ್ನೊಂದು ಕಡೆಯಿಂದ ಹೋಗಿ ಅದನ್ನು ಕಸಿದುಕೊಳ್ಳುತ್ತಿದ್ದ. ಬೆಂಚಿನವರು ಎದ್ದು ನಿಂತರು. ಭಾಗವತರ ಜಾಗಟೆಯನ್ನು ಕೇಳುವವರಿಲ್ಲ. ಮುದ್ದು ಮುಖದ ಮೇಲೆ ಸೆರಗು ಎಳೆದುಕೊಂಡಳು.

ಕೊನೆಗೆ ನೋಣಯ್ಯನವರು ಎರಡೂ ಕೈ ಎತ್ತಿ, ಒಪ್ಪಿದೆ, ತಪ್ಪು ಪೂರ್ತಿ ನಿನ್ನದೇ ಎಂದರು. ಹಾಲಿನ ಹಂಚು ಹಾರುವ ಹಾಗೆ ಚಪ್ಪಾಳೆ. ದುಗ್ಗಪ್ಪ ಸುಖವಾಗಿ ಬೆವರು ಒರೆಸಿಕೊಂಡ. ಒರೆಸುತ್ತಾ ಇರುವಾಗಲೇ ತಾನು ಗೆದ್ದುಬಿಟ್ಟೆ ಎಂದು ಅವನಿಗೆ ಗೊತ್ತಾಯಿತು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಆದರೆ ನೋಣಯ್ಯನವರು ನಗುತ್ತಿದ್ದರು. ಬಹಳ ದಿವಸದಿಂದ ಹ್ಯಾಪು ಎದುರಾಳಿಗಳ ಜೊತೆ ಕೂತು ಬೇಸತ್ತಿದ್ದ ಮನುಷ್ಯ, ಹೊಟ್ಟೆತುಂಬ ಉಂಡವರ ಹಾಗೆ ತೃಪ್ತರಾಗಿದ್ದರು. ಹಿಂದೆ ಕೂತ ಭುಜಂಗನ ಕಡೆ ಒಮ್ಮೆ ತಿರುಗಿ, ಮತ್ತೆ ಚಿತ್ರಧ್ವಜನಾಗಿ ಕೈ ಎತ್ತಿದರು. ತಪ್ಪು ನಿನ್ನದೆಂದು ನೀನೇ ಸಾಧಿಸಿದ್ದೀ. ತಪ್ಪಿಗೆ ದಂಡ ಉಂಟು. ನಿನ್ನ ಮಗಳನ್ನು ನನ್ನ ಸೋದರಳಿಯನಿಗೆ ಕೊಡಬೇಕು, ಅದೇ ದಂಡ.

ಪ್ರಸಂಗದಲ್ಲಿ ಇದು ಎಲ್ಲಿಯೂ ಇರಲಿಲ್ಲ. ಇಡೀ ಹಾಲಿಗೆ ಅರ್ಥವಾಯಿತು, ನಗು ಎದ್ದಿತು. ಭುಜಂಗನ ಕಿವಿ ಕೆಂಪಾಯಿತು. ಮುದ್ದು ಸೆರಗು ಸರಿಸಿ, ಸಾಕು ಸ್ವಾಮಿ, ಆಗಲಿ ಎನ್ನಿ ಎಂಬಂತೆ ಗಂಡನಿಗೆ ಕೈ ಜೋಡಿಸಿದಳು. ಆಗಲಿ ಎಂಬ ಒಂದೇ ಮಾತು ಬೇಕಾದದ್ದು. ದುಗ್ಗಪ್ಪನಿಗೂ ಬೇಕಿತ್ತು. ಬಾಯಿ ತೆರೆದ. ಆಗಲಿ ಎಂಬುದು ನಾಲಗೆಯ ತುದಿಯವರೆಗೆ ಬಂತು. ಅಲ್ಲೇ ಸಿಕ್ಕಿಬಿತ್ತು. ಬಾವಿಕಟ್ಟೆಗೆ ಮಾತಿಲ್ಲದೆ ನಡೆದು ಹೋಗುವ ಆ ಹುಡುಗಿ ದಂಡವಾ? ಯಾರ ತಪ್ಪಿಗೆ?

"ಚಿತ್ರಧ್ವಜಾ, ನಿನ್ನ ಮಾತು ತಪ್ಪು" ಎಂದ ದುಗ್ಗಪ್ಪ.

ನಗು ನಿಂತಿತು. ಕಾಸಿಂ ಟೊಪ್ಪಿ ತೆಗೆದು ತಲೆ ತುರಿಸಿಕೊಂಡ. ಮುದ್ದುವಿನ ಜೋಡಿಸಿದ ಕೈ ಜೋಡಿಸಿದಂತೆಯೇ ಇತ್ತು.

"ತಪ್ಪು ನನ್ನದಾದರೆ ದಂಡ ನಾನು ಕೊಡಬೇಕು. ನನ್ನ ರಾಜ್ಯ ತಕೋ, ಕಿರೀಟ ತಕೋ, ಇನ್ನೂ ಸಾಲದಿದ್ದರೆ ಈ ತಲೆ ಉಂಟು. ಮಗಳು ದಂಡ ಅಲ್ಲ. ಅವಳು ಬೇಕಾದರೆ ನನ್ನನ್ನು ಕೇಳಬೇಡ, ಅವಳನ್ನೇ ಕೇಳು."

ನೋಣಯ್ಯನವರು ಉತ್ತರಕ್ಕಾಗಿ ಬಾಯಿ ತೆರೆದರು. ಮೀಸೆ ಎಳೆದರು, ಶಾಲು ಸರಿಮಾಡಿದರು, ಭಾಗವತರ ಮುಖ ನೋಡಿದರು. ಆಮೇಲೆ ನಿಧಾನವಾಗಿ ಚಾಪೆಯ ಕಡೆ ತಿರುಗಿ ಕೂತರು. ರಾಜರು ಹೇಳಿದ್ದು ನ್ಯಾಯ, ನಾನು ಕೇಳಿದ ರೀತಿ ಸರಿಯಲ್ಲ ಎಂದು, ಮಗಳೇ ನೀನೇ ಹೇಳು ಎಂದರು. ಆ ಧ್ವನಿಯಲ್ಲಿ ಚಿತ್ರಧ್ವಜ ಇರಲಿಲ್ಲ.

ಆ ಹಾಲಿನಲ್ಲಿ ಕೂಟದ ನಡುವೆ ಹೆಂಗಸೊಬ್ಬಳು ಬಾಯಿ ತೆರೆದದ್ದು ಅಲ್ಲಿಯವರೆಗೆ ಇರಲಿಲ್ಲ. ನಳಿನಾಕ್ಷಿ ಎದ್ದು ನಿಂತಳು.

"ನನಗೆ ಒಪ್ಪಿಗೆ ಉಂಟು" ಎಂದಳು.

ಚಪ್ಪಾಳೆಗೆ ಜನ ಕೈ ಎತ್ತುವಷ್ಟರಲ್ಲಿ ದುಗ್ಗಪ್ಪ ಮುಂದಕ್ಕೆ ಬಾಗಿ ಆಗಲೇ ಬೆರಳೆತ್ತಿದ್ದ. ಎಲೈ ಚಿತ್ರಧ್ವಜಾ, ಕೇಳಿದೆಯಾ, ಇಂಥ ಮಗಳನ್ನು ಪಡೆದ ತಂದೆ ಸೋತನೆಂದು ಹೇಳುವವನು ಯಾವ ಶಾಸ್ತ್ರ ಓದಿದವನು, ಮೊದಲನೆಯದಾಗಿ ಎಂದು ಶುರುಮಾಡಿದ. ನೋಣಯ್ಯನವರೂ ಆಸೆಯಿಂದ ಇವನ ಕಡೆಗೆ ತಿರುಗಿದರು.

ನಳಿನಾಕ್ಷಿ ಇನ್ನೂ ಕೂತಿರಲಿಲ್ಲ.

"ಅಪ್ಪಾ" ಎಂದಳು. "ಇನ್ನು ನೀವು ಸಾಯಿರಿ."

ದುಗ್ಗಪ್ಪ ಬೆರಳೆತ್ತಿದವನು ಹಾಗೆಯೇ ಉಳಿದ. ಮಗಳನ್ನು ನೋಡಿದ. ಉತ್ತರ ಇತ್ತು, ಒಳ್ಳೆಯದೇ ಇತ್ತು, ಹಾಲೆಲ್ಲ ಕಿವಿಗೊಟ್ಟು ಕಾಯುತ್ತಿತ್ತು. ಬೆರಳು ಮಡಚಿದ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ, ಬಾಯಿ ಮುಚ್ಚಿದ. ಭಾಗವತರು ಸ್ವಲ್ಪ ಹೊತ್ತು ನಂಬಲಿಲ್ಲ. ಆಮೇಲೆ ಮಂಗಳ ಹಾಡಿದರು.